ಸಾಧು ಸ್ವಭಾವದ ಬೀಜದ ಕುದುರೆಯ ಮಾರಾಟ: ಮಾರುವವರು ಅರಿಯಬೇಕಾದ ವಿಷಯಗಳು

ಪೀಠಿಕೆ

ಕುದುರೆಯ ಮಾರಾಟವು ಇತರ ಜಾನುವಾರುಗಳ ಮಾರಾಟದಂತಲ್ಲ. ಹಸುವನ್ನು ಕೊಳ್ಳುವವನು ಹಾಲನ್ನು ಅಳೆದು ನೋಡಬಲ್ಲನು. ಎತ್ತನ್ನು ಕೊಳ್ಳುವವನು ನೊಗಕ್ಕೆ ಹೂಡಿ ನೋಡಬಲ್ಲನು. ಆದರೆ ಕುದುರೆಯ ಬೆಲೆಯಲ್ಲಿ ದೊಡ್ಡ ಪಾಲು ಅದರ ಸ್ವಭಾವಕ್ಕೆ ಸಲ್ಲುತ್ತದೆ. ಸ್ವಭಾವವನ್ನು ಅಳೆಯಲು ಲೀಟರೂ ಇಲ್ಲ, ತಕ್ಕಡಿಯೂ ಇಲ್ಲ. ಅದನ್ನು ಬಲ್ಲವನು ಸಾಕಿದವನು ಮಾತ್ರ. ಆದುದರಿಂದ ಮಾರುವವನ ಮಾತೇ ಇಲ್ಲಿ ಅಳತೆಗೋಲಾಗುತ್ತದೆ.

ಬೀಜ ತೆಗೆಸದೆ ಸಂತಾನಕ್ಕಾಗಿ ಇರಿಸಿಕೊಂಡ ಗಂಡು ಕುದುರೆಯನ್ನು ಬೀಜದ ಕುದುರೆ ಎನ್ನುತ್ತಾರೆ. ಬಲ, ಚುರುಕು ಮತ್ತು ಹೆಣ್ಣು ಕುದುರೆಯನ್ನು ಕಂಡಾಗ ಕೆರಳುವ ಸಹಜಪ್ರವೃತ್ತಿ ಇವು ಮೂರೂ ಅದರಲ್ಲಿ ಒಟ್ಟಾಗಿರುತ್ತವೆ. ಹೀಗಿದ್ದೂ ಸಾಧುವಾಗಿರುವ ಬೀಜದ ಕುದುರೆ ದೊರೆಯುವುದು ಅಪರೂಪ. ಉತ್ತಮ ತಳಿಯದ್ದೂ ಸಾಧುವೂ ಆದ ಕುದುರೆಯನ್ನು ಮಾರಬೇಕಾಗಿ ಬಂದಾಗ ಯಾವ ಕ್ರಮವನ್ನು ಅನುಸರಿಸಬೇಕು, ಏನನ್ನು ಹೇಳಬೇಕು, ಯಾವ ದಾಖಲೆಗಳನ್ನು ಒದಗಿಸಬೇಕು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಈ ವಿಷಯಕ್ಕೆ ಇಂದು ವಿಶೇಷ ಮಹತ್ವವಿದೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿದ್ದ ಕುದುರೆ ಮತ್ತು ತಟ್ಟುಗಳ ಸಂಖ್ಯೆ ಸುಮಾರು 6.2 ಲಕ್ಷ. 2019ರ ಗಣತಿಯ ವೇಳೆಗೆ ಅದು ಸುಮಾರು 3.4 ಲಕ್ಷಕ್ಕೆ ಇಳಿದಿತ್ತು. ಸಂಖ್ಯೆ ಹೀಗೆ ಕುಗ್ಗಿದಾಗ ಒಳ್ಳೆಯ ಒಂದು ಬೀಜದ ಕುದುರೆ ತಪ್ಪು ಕೈಗೆ ಸೇರಿ ಕೆಟ್ಟುಹೋದರೆ, ಆ ನಷ್ಟ ಒಬ್ಬ ಮಾಲೀಕನದು ಮಾತ್ರವಲ್ಲ, ತಳಿಯದೂ ಆಗುತ್ತದೆ.

ಒಂದು ಉದಾಹರಣೆ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಮಹಾರಾಷ್ಟ್ರದ ಒಂದು ಹಳ್ಳಿಯಲ್ಲಿ ವಯಸ್ಸಾದ ಸಾಕಣೆದಾರನೊಬ್ಬನಿದ್ದಾನೆ. ಅವನ ಬಳಿ ಏಳು ವರ್ಷದ, ಕೆಂಗಂದು ಬಣ್ಣದ ಮಾರ್ವಾಡಿ ತಳಿಯ ಬೀಜದ ಕುದುರೆಯಿದೆ. ಅದು ಅವನ ಲಾಯದಲ್ಲಿಯೇ ಹುಟ್ಟಿದ್ದು. ಮರಿಯಾಗಿದ್ದಾಗಿನಿಂದ ಅದಕ್ಕೆ ಮೇವು ಹಾಕಿದವನೂ ಮೈ ಉಜ್ಜಿದವನೂ ಅವನೇ. ಈಗ ಮಂಡಿನೋವಿನಿಂದ ಅವನಿಗೆ ಕುದುರೆಯೊಡನೆ ನಡೆಯಲು ಆಗುತ್ತಿಲ್ಲ. ಮಕ್ಕಳು ಪಟ್ಟಣ ಸೇರಿದ್ದಾರೆ. ಕುದುರೆಯನ್ನು ಮಾರಲು ಅವನು ನಿಶ್ಚಯಿಸಿದ್ದಾನೆ.

ಕುದುರೆ ಬಹು ಸಾಧು. ಆದರೆ ಅದಕ್ಕೆ ಒಂದು ಗುಣವಿದೆ: ಇನ್ನೊಂದು ಗಂಡು ಕುದುರೆಯನ್ನು ಪಕ್ಕದಲ್ಲಿ ಕಟ್ಟಿದರೆ ಸಹಿಸುವುದಿಲ್ಲ. ಆಗ ಕಿವಿಯನ್ನು ಹಿಂದಕ್ಕೆ ಮಡಿಸುತ್ತದೆ, ಕಚ್ಚಲು ಹೋಗುತ್ತದೆ. ಸಾಕಣೆದಾರನ ಮನೆಯಲ್ಲಿ ಇದ್ದುದು ಇದೊಂದೇ ಗಂಡು ಕುದುರೆಯಾದುದರಿಂದ ಅಲ್ಲಿ ಇದು ದೋಷವಾಗಿ ಕಾಣಲಿಲ್ಲ. ದಲ್ಲಾಳಿಯು, “ಇದನ್ನು ಯಾರೂ ಕೇಳುವುದಿಲ್ಲ, ನೀವೂ ಹೇಳಬೇಡಿ. ಹೇಳಿದರೆ ಬೆಲೆ ಇಳಿಯುತ್ತದೆ” ಎಂದು ಸಲಹೆ ಕೊಡುತ್ತಾನೆ. ಸಾಕಣೆದಾರನು ಏನು ಮಾಡಬೇಕು? ಈ ಪ್ರಶ್ನೆಗೆ ಮುಂದಿನ ಭಾಗಗಳಲ್ಲಿ ಉತ್ತರವನ್ನು ಅರಸಲಾಗಿದೆ.

ಚರಿತ್ರೆ ಹೇಳುವ ಪಾಠ

ಕುದುರೆ ವ್ಯಾಪಾರದಲ್ಲಿ ನಂಬಿಕೆ ಮತ್ತು ನಷ್ಟದ ಪ್ರಶ್ನೆ ಹೊಸದಲ್ಲ. ದಕ್ಷಿಣ ಭಾರತದಲ್ಲಿ ಉತ್ತಮ ಕುದುರೆಗಳ ಸಂತಾನ ಹೆಚ್ಚಾಗಿ ಬೆಳೆಯದ ಕಾರಣ ವಿಜಯನಗರದ ಅರಸರು ಅರೇಬಿಯ ಮತ್ತು ಪಾರಸಿ ಕೊಲ್ಲಿಯ ಕಡೆಯ ಕುದುರೆಗಳನ್ನು ಸಮುದ್ರಮಾರ್ಗವಾಗಿ ತರಿಸಿಕೊಳ್ಳುತ್ತಿದ್ದರು. ಭಟ್ಕಳ ಮತ್ತು ಗೋವೆಯ ಬಂದರುಗಳು ಈ ವ್ಯಾಪಾರಕ್ಕೆ ಹೆಸರಾಗಿದ್ದವು. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯ ಮೇಲೆ ಸಾಲುಸಾಲಾಗಿ ಕುದುರೆಗಳನ್ನು ನಡೆಸಿಕೊಂಡು ಹೋಗುವ ದೃಶ್ಯಗಳನ್ನು ಇಂದಿಗೂ ಕಾಣಬಹುದು.

ಹದಿನಾರನೆಯ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಬರಹಗಾರ ಫೆರ್ನಾವ್ ನೂನಿಜ್ ತನ್ನ ವೃತ್ತಾಂತದಲ್ಲಿ ಸಾಳುವ ನರಸಿಂಹನ ಬಗೆಗೆ ಒಂದು ಸ್ವಾರಸ್ಯವಾದ ಸಂಗತಿಯನ್ನು ದಾಖಲಿಸಿದ್ದಾನೆ. ಹಡಗಿನಲ್ಲಿ ಬರುವಾಗ ಸತ್ತ ಕುದುರೆಗಳಿಗೂ ಆ ಅರಸನು ಬೆಲೆ ಕೊಡುತ್ತಿದ್ದನಂತೆ. ವ್ಯಾಪಾರಿಯು ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೆ ಸಾಕಾಗಿತ್ತು. ವ್ಯಾಪಾರಿಗಳು ನಷ್ಟಕ್ಕೆ ಅಂಜಿ ಬರುವುದನ್ನು ನಿಲ್ಲಿಸದಿರಲಿ ಎಂದು ಅರಸನು ನಷ್ಟದ ಹೊರೆಯನ್ನು ತಾನೇ ಹೊತ್ತುಕೊಂಡಿದ್ದನೆಂದು ಇದರಿಂದ ತಿಳಿಯಬಹುದು.

ಅಶ್ವಗಳ ಲಕ್ಷಣ ಮತ್ತು ಚಿಕಿತ್ಸೆಯನ್ನು ಅರಿಯುವ ಪರಂಪರೆಯೂ ಹಳೆಯದು. ಸಂಸ್ಕೃತದಲ್ಲಿ ಶಾಲಿಹೋತ್ರನ ಹೆಸರಿನ ಶಾಸ್ತ್ರಪರಂಪರೆ ಪ್ರಸಿದ್ಧವಾಗಿದೆ. ಕನ್ನಡದಲ್ಲಿಯೂ ಸುಮಾರು 1400ರಲ್ಲಿ ಅಭಿನವಚಂದ್ರನೆಂಬ ಕವಿ ಅಶ್ವವೈದ್ಯವನ್ನು ಕುರಿತು ಗ್ರಂಥ ರಚಿಸಿದನು. ಕುದುರೆಯನ್ನು ಕೊಳ್ಳುವ ಮೊದಲು ಅರಿತು ನೋಡಬೇಕೆಂಬ ಎಚ್ಚರ ನಮ್ಮ ಹಿರಿಯರಲ್ಲಿ ಇತ್ತೆಂಬುದಕ್ಕೆ ಇಂತಹ ಗ್ರಂಥಗಳೇ ಸಾಕ್ಷಿ.

‘ಸಾಧು’ ಎಂಬ ಮಾತಿನ ಅರ್ಥ

ಮಾರಾಟದ ಪ್ರಕಟಣೆಗಳಲ್ಲಿ “ಬಹಳ ಸಾಧು, ಮಕ್ಕಳೂ ಹತ್ತಬಹುದು” ಎಂಬಂತಹ ಮಾತುಗಳು ಬರುವುದುಂಟು. ಬೀಜದ ಕುದುರೆಯ ವಿಷಯದಲ್ಲಿ ಇದು ಅಪಾಯಕರವಾದ ಮಾತು. ಒಂದು ಕುದುರೆ ತನ್ನನ್ನು ಸಾಕಿದವನ ಕೈಯಲ್ಲಿ ಸಾಧುವಾಗಿದ್ದು, ಅಪರಿಚಿತನ ಕೈಯಲ್ಲಿ ಬೇರೆಯಾಗಿ ವರ್ತಿಸಬಹುದು. ಸಾಧುತನವು ಹುಟ್ಟುಗುಣವೂ ಹೌದು, ಅಭ್ಯಾಸದ ಫಲವೂ ಹೌದು. ಆದುದರಿಂದ ‘ಸಾಧು’ ಎಂಬ ಒಂದು ಪದವನ್ನು ಬಿಡಿಸಿ, ಕಣ್ಣಾರೆ ಕಾಣಬಹುದಾದ ನಡವಳಿಕೆಗಳಾಗಿ ಹೇಳಬೇಕು. ಅವುಗಳಲ್ಲಿ ಮುಖ್ಯವಾದವು ಇವು:

1. ಬಯಲಿನಲ್ಲಿ ಬಿಟ್ಟಾಗ ಹತ್ತಿರ ಹೋದರೆ ನಿಂತು ಹಿಡಿಯಗೊಡುತ್ತದೆಯೇ?
2. ನಾಲ್ಕೂ ಕಾಲುಗಳ ಗೊರಸನ್ನು ಎತ್ತಗೊಡುತ್ತದೆಯೇ? ಲಾಳ ಕಟ್ಟುವಾಗ ನಿಲ್ಲುತ್ತದೆಯೇ?
3. ಕಿವಿ, ಬಾಯಿ ಮತ್ತು ಹೊಟ್ಟೆಯ ಕೆಳಭಾಗವನ್ನು ಮುಟ್ಟಗೊಡುತ್ತದೆಯೇ?
4. ಜೀನು ಹಾಕುವಾಗ, ಸವಾರನು ಹತ್ತುವಾಗ ಸ್ಥಿರವಾಗಿ ನಿಲ್ಲುತ್ತದೆಯೇ?
5. ಹೆಣ್ಣು ಕುದುರೆಯ ಪಕ್ಕದಲ್ಲಿ ಹಾಯ್ದುಹೋಗುವಾಗ ಲಗಾಮಿನ ಮಾತನ್ನು ಕೇಳುತ್ತದೆಯೇ?
6. ಬೇರೊಂದು ಗಂಡು ಕುದುರೆಯನ್ನು ಕಂಡರೆ ಹೇಗೆ ವರ್ತಿಸುತ್ತದೆ?
7. ಲಾರಿಗೆ ಹತ್ತುತ್ತದೆಯೇ? ವಾಹನದ ಸದ್ದು, ಬ್ಯಾಂಡಿನ ಸದ್ದು, ಪಟಾಕಿಗೆ ಬೆದರುತ್ತದೆಯೇ?
8. ಸೂಜಿಮದ್ದು ಹಾಕುವಾಗ ಎಷ್ಟು ಜನ ಹಿಡಿಯಬೇಕಾಗುತ್ತದೆ?

ಈ ಎಂಟು ಪ್ರಶ್ನೆಗಳಿಗೂ ‘ಹೌದು’ ಎಂಬ ಉತ್ತರವೇ ಇರಬೇಕೆಂದಿಲ್ಲ. ಎಂಟರಲ್ಲಿ ಆರು ಅನುಕೂಲವಾಗಿ, ಎರಡು ಪ್ರತಿಕೂಲವಾಗಿದ್ದರೂ ಕುದುರೆ ಉತ್ತಮವಾಗಿರಬಹುದು. ಆ ಎರಡು ಯಾವುವೆಂದು ಕೊಳ್ಳುವವನಿಗೆ ತಿಳಿದಿರಬೇಕಾದುದು ಮುಖ್ಯ. ಮೇಲಿನ ಉದಾಹರಣೆಯಲ್ಲಿ ಆರನೆಯ ಪ್ರಶ್ನೆಯೇ ಸಾಕಣೆದಾರನ ಮನಸ್ಸನ್ನು ಕೊರೆಯುತ್ತಿರುವುದು.

ಇವುಗಳ ಜೊತೆಗೆ ಲಾಯದ ದುಶ್ಚಟಗಳನ್ನೂ ತಿಳಿಸತಕ್ಕದ್ದು. ಗೋದಲಿಯ ಅಂಚನ್ನು ಕಚ್ಚಿ ಗಾಳಿ ನುಂಗುವುದು, ನಿಂತಲ್ಲಿಯೇ ಎಡಕ್ಕೂ ಬಲಕ್ಕೂ ತೂಗಾಡುವುದು ಮುಂತಾದ ಚಟಗಳು ಜಾತ್ರೆಯ ಗದ್ದಲದಲ್ಲಿ ಕಾಣಿಸದೆ, ಮನೆಗೆ ಹೋದ ಮೇಲೆ ಕಾಣಿಸಿಕೊಳ್ಳುತ್ತವೆ.

ಕೆಲವರು ಕುದುರೆಯನ್ನು ಸಾಧುವೆಂದು ತೋರಿಸಲು ಮಾರಾಟದ ದಿನ ಮಂಪರು ಬರಿಸುವ ಔಷಧವನ್ನು ಕೊಡುವುದುಂಟು. ಇದು ವಂಚನೆ ಮಾತ್ರವಲ್ಲ, ಅಪಾಯವೂ ಹೌದು. ಅಂತಹ ಔಷಧಗಳಲ್ಲಿ ಒಂದಾದ ಅಸಿಪ್ರೊಮಜಿನ್ ಅಪರೂಪವಾಗಿಯಾದರೂ ಗಂಡು ಕುದುರೆಯ ಜನನೇಂದ್ರಿಯಕ್ಕೆ ಶಾಶ್ವತ ನಿಶ್ಚೇಷ್ಟತೆಯನ್ನು ತರಬಲ್ಲದು. ಬೀಜಕ್ಕಾಗಿಯೇ ಮಾರುವ ಕುದುರೆ ಹೀಗೆ ಬೀಜಕ್ಕೇ ನಿರುಪಯುಕ್ತವಾಗಬಹುದು. ಸಂಶಯವಿರುವ ಕೊಳ್ಳುವವನು ರಕ್ತದ ಮಾದರಿಯನ್ನು ತೆಗೆಸಿ ಪರೀಕ್ಷೆಗೆ ಕಳುಹಿಸಬಹುದು. ಪ್ರಾಮಾಣಿಕನಾದ ಮಾರುವವನು ಇದಕ್ಕೆ ಆಕ್ಷೇಪಿಸಬೇಕಾದ ಕಾರಣವಿಲ್ಲ.

ತಳಿ ಮತ್ತು ವಂಶಾವಳಿ

ಭಾರತದ ದೇಶೀಯ ಕುದುರೆ ತಳಿಗಳಲ್ಲಿ ರಾಜಸ್ಥಾನದ ಮಾರ್ವಾಡಿ, ಸೌರಾಷ್ಟ್ರದ ಕಾಠಿಯಾವಾಡಿ, ಹಿಮಾಲಯ ಪ್ರದೇಶದ ಸ್ಪಿತಿ, ಝಾಂಸ್ಕರಿ ಮತ್ತು ಭೂಟಿಯಾ, ಮಣಿಪುರದ ಮಣಿಪುರಿ, ಪಶ್ಚಿಮದ ಕಚ್ಛಿ-ಸಿಂಧಿ ಮುಖ್ಯವಾದವು. ಮಾರ್ವಾಡಿ ಮತ್ತು ಕಾಠಿಯಾವಾಡಿ ಕುದುರೆಗಳನ್ನು ಒಳಮುಖವಾಗಿ ಬಾಗಿ ತುದಿಗಳು ಒಂದನ್ನೊಂದು ಮುಟ್ಟುವಂತಿರುವ ಕಿವಿಗಳಿಂದ ಗುರುತಿಸಬಹುದು. ಮಾರ್ವಾಡಿ ಕುದುರೆಗಳ ಪೈಕಿ ಕೆಲವಕ್ಕೆ ಸವಾರನನ್ನು ಅಲುಗಿಸದೆ ಸಾಗುವ ರೇವಾಲ್ ಎಂಬ ಸಹಜ ನಡೆ ಇರುತ್ತದೆ.

ಆದರೆ ಕಿವಿಯೊಂದೇ ಕುಲವನ್ನು ಸಾಬೀತುಪಡಿಸುವುದಿಲ್ಲ. “ಒಳ್ಳೆಯ ತಳಿ” ಎಂದು ಹೇಳುವವನು ತಂದೆ, ತಾಯಿ ಮತ್ತು ಸಾಧ್ಯವಾದರೆ ಅವುಗಳ ಹಿಂದಿನ ತಲೆಮಾರುಗಳ ದಾಖಲೆಯನ್ನು ತೋರಿಸಬೇಕು. ದೇಶೀಯ ತಳಿಗಳ ನೋಂದಣಿ ಮಾಡುವ ಸಂಘಗಳು ಕುದುರೆಯ ಬಣ್ಣ, ಗುರುತು, ಎತ್ತರ ಮತ್ತು ವಂಶವನ್ನು ದಾಖಲಿಸಿ ಗುರುತಿನ ಪತ್ರ ನೀಡುತ್ತವೆ. ಕುದುರೆಯ ಕತ್ತಿನಲ್ಲಿ ಅಳವಡಿಸುವ ಮೈಕ್ರೋಚಿಪ್ಪಿನ ಸಂಖ್ಯೆ ಪತ್ರದಲ್ಲಿರುವ ಸಂಖ್ಯೆಗೆ ಸರಿಹೊಂದಬೇಕು. ಪಂದ್ಯದ ಥರೋಬ್ರೆಡ್ ಕುದುರೆಗಳ ವಂಶಾವಳಿಯನ್ನು ಪುಣೆಯಲ್ಲಿರುವ ಭಾರತೀಯ ಸ್ಟಡ್ ಬುಕ್ ಪ್ರಾಧಿಕಾರವು ನಿರ್ವಹಿಸುತ್ತದೆ.

ಎತ್ತರವನ್ನು ಹೆಗಲ ಮೇಲಿನ ಉಬ್ಬಿನವರೆಗೆ, ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ಅಳೆಯುತ್ತಾರೆ. ಕುದುರೆ ವ್ಯಾಪಾರದಲ್ಲಿ ‘ಹ್ಯಾಂಡ್’ ಎಂಬ ಅಳತೆ ರೂಢಿಯಲ್ಲಿದೆ. ಒಂದು ಹ್ಯಾಂಡ್ ಎಂದರೆ 4 ಅಂಗುಲ. 15.2 ಎಂದು ಬರೆದರೆ ಹದಿನೈದು ಹ್ಯಾಂಡ್ ಮತ್ತು ಎರಡು ಅಂಗುಲ, ಅಂದರೆ 62 ಅಂಗುಲ ಅಥವಾ ಸುಮಾರು 157.5 ಸೆಂಟಿಮೀಟರ್ ಎಂದು ಅರ್ಥ. ಚುಕ್ಕೆಯ ನಂತರದ ಅಂಕಿಯನ್ನು ದಶಮಾಂಶವೆಂದು ಭಾವಿಸಿ ಮೋಸಹೋಗುವವರಿದ್ದಾರೆ.

ಸುಳಿಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಕುದುರೆಯ ಮೈಮೇಲಿನ ಕೂದಲಿನ ಸುಳಿಗಳನ್ನು ನೋಡಿ ಶುಭಾಶುಭ ಹೇಳುವ ಪದ್ಧತಿ ಮಾರ್ವಾಡದಿಂದ ಕರ್ನಾಟಕದವರೆಗೂ ಇದೆ. ಸುಳಿಗೂ ಮಾಲೀಕನ ಭಾಗ್ಯಕ್ಕೂ ಸಂಬಂಧವಿದೆ ಎನ್ನಲು ಪಶುವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಆದರೆ ಸುಳಿಗಳ ಸ್ಥಾನವು ಜೀವನಪರ್ಯಂತ ಬದಲಾಗದ ಕಾರಣ ಗುರುತಿನ ಪತ್ರದಲ್ಲಿ ಅವನ್ನು ನಮೂದಿಸುತ್ತಾರೆ. ಕೆಲವು ಕೊಳ್ಳುವವರಿಗೆ ಸುಳಿ ಮುಖ್ಯವಾಗಿರುವುದರಿಂದ ಕೂದಲು ಕತ್ತರಿಸಿ ಅದನ್ನು ಮರೆಮಾಡುವ ಪ್ರಯತ್ನ ಸಲ್ಲದು.

ವಯಸ್ಸು ಮತ್ತು ದೇಹಸ್ಥಿತಿ

ಜನನದ ದಾಖಲೆ ಇಲ್ಲದಿದ್ದಲ್ಲಿ ವಯಸ್ಸನ್ನು ಹಲ್ಲುಗಳಿಂದ ಅಂದಾಜು ಮಾಡುತ್ತಾರೆ. ಮುಂಭಾಗದ ಬಾಚಿಹಲ್ಲುಗಳಲ್ಲಿ ನಡುವಿನ ಜೋಡಿ ಹಾಲುಹಲ್ಲು ಸುಮಾರು ಎರಡೂವರೆ ವರ್ಷಕ್ಕೂ, ಅದರ ಪಕ್ಕದವು ಮೂರೂವರೆ ವರ್ಷಕ್ಕೂ, ಅಂಚಿನವು ನಾಲ್ಕೂವರೆ ವರ್ಷಕ್ಕೂ ಬಿದ್ದು ಶಾಶ್ವತ ಹಲ್ಲುಗಳು ಬರುತ್ತವೆ. ಐದು ವರ್ಷಕ್ಕೆ ಬಾಯಿ ತುಂಬಿತು ಎನ್ನುತ್ತಾರೆ. ಅನಂತರ ಕೆಳದವಡೆಯ ಬಾಚಿಹಲ್ಲುಗಳ ಮೇಲಿನ ಕುಳಿಗಳು ಸವೆದು, ನಡುವಿನವು ಸುಮಾರು ಆರನೆಯ, ಪಕ್ಕದವು ಏಳನೆಯ, ಅಂಚಿನವು ಎಂಟನೆಯ ವರ್ಷದಲ್ಲಿ ಮಾಯವಾಗುತ್ತವೆ. ಸುಮಾರು ಹತ್ತನೆಯ ವರ್ಷದಲ್ಲಿ ಮೇಲಿನ ಅಂಚಿನ ಬಾಚಿಹಲ್ಲಿನ ಬುಡದಲ್ಲಿ ಒಂದು ಗೀರು ಕಾಣಿಸಿಕೊಂಡು, ಹದಿನೈದಕ್ಕೆ ಅರ್ಧದವರೆಗೆ, ಇಪ್ಪತ್ತಕ್ಕೆ ತುದಿಯವರೆಗೆ ಇಳಿಯುತ್ತದೆ. ಮೇವು ಮತ್ತು ನೆಲಕ್ಕೆ ಅನುಗುಣವಾಗಿ ಈ ಲೆಕ್ಕದಲ್ಲಿ ವ್ಯತ್ಯಾಸವಾಗಬಹುದು. ಮುದಿ ಕುದುರೆಯ ಹಲ್ಲಿನಲ್ಲಿ ಕೃತಕವಾಗಿ ಕುಳಿ ಕೊರೆದು ಎಳೆಯದೆಂದು ಮಾರುವ ಹಳೆಯ ಮೋಸವೂ ಉಂಟು.

ಆರೋಗ್ಯವಂತ ವಯಸ್ಕ ಕುದುರೆಯ ದೇಹದ ಉಷ್ಣತೆ ವಿಶ್ರಾಂತಿಯಲ್ಲಿ ಸುಮಾರು 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ನಾಡಿಬಡಿತ ನಿಮಿಷಕ್ಕೆ 28ರಿಂದ 44, ಉಸಿರಾಟ 8ರಿಂದ 16 ಇರುತ್ತದೆ. ಕುಂಟುತನವನ್ನು ಗಟ್ಟಿನೆಲದ ಮೇಲೆ ನೇರವಾಗಿ ಓಡಿಸಿ ನೋಡಬೇಕು.

ಬೀಜದ ಕುದುರೆಯ ಎರಡು ವೃಷಣಗಳೂ ಚೀಲಕ್ಕೆ ಇಳಿದಿರಬೇಕು. ಒಂದು ಹೊಟ್ಟೆಯಲ್ಲಿಯೇ ಉಳಿದಿರುವ ಕುದುರೆ ಸಂತಾನಕ್ಕೆ ಯೋಗ್ಯವಲ್ಲ. ಪಶುವೈದ್ಯರಿಂದ ವೀರ್ಯಪರೀಕ್ಷೆ ಮಾಡಿಸಿ ವರದಿಯನ್ನು ಕೊಡುವುದು ಲೇಸು. ಗಂಡು ಕುದುರೆಯಲ್ಲಿ ವೀರ್ಯಾಣು ರೂಪುಗೊಳ್ಳಲು ಸುಮಾರು 57 ದಿನಗಳು ಬೇಕು. ಆದುದರಿಂದ ಎರಡು ತಿಂಗಳ ಒಳಗೆ ತೀವ್ರ ಜ್ವರ ಬಂದಿದ್ದರೆ ವರದಿ ತಾತ್ಕಾಲಿಕವಾಗಿ ಕಳಪೆಯಾಗಬಹುದು. ಜ್ವರ ಬಂದಿದ್ದ ಸಂಗತಿಯನ್ನು ಮುಚ್ಚಿಡದೆ ಹೇಳಿದರೆ ಅದು ಮಾರುವವನಿಗೇ ಅನುಕೂಲ. ಈ ಹಿಂದೆ ಹುಟ್ಟಿದ ಮರಿಗಳನ್ನು ತೋರಿಸುವುದಕ್ಕಿಂತ ಉತ್ತಮವಾದ ಸಾಕ್ಷ್ಯ ಬೇರೆ ಇಲ್ಲ.

ರೋಗಪರೀಕ್ಷೆ

ಕುದುರೆಯನ್ನು ಮನೆಯಿಂದ ಹೊರಡಿಸುವ ಮೊದಲು ಎರಡು ರೋಗಗಳ ಪರೀಕ್ಷೆ ಅತ್ಯಗತ್ಯ. ಮೊದಲನೆಯದು ಗ್ಲ್ಯಾಂಡರ್ಸ್. ಬ್ಯಾಕ್ಟೀರಿಯಾದಿಂದ ಬರುವ ಈ ರೋಗದಲ್ಲಿ ಮೂಗಿನಿಂದ ಅಂಟು ದ್ರವ, ಮೂಗಿನ ಒಳಗೆ ಹುಣ್ಣು, ಚರ್ಮದಲ್ಲಿ ಗಂಟುಗಳು ಕಾಣಿಸಿಕೊಳ್ಳುತ್ತವೆ. ಮನುಷ್ಯರಿಗೂ ಇದು ತಗಲುತ್ತದೆ. ಇದಕ್ಕೆ ಲಸಿಕೆ ಇಲ್ಲ. ರೋಗ ದೃಢಪಟ್ಟ ಕುದುರೆಗೆ ನೋವಿಲ್ಲದ ಮರಣ ಕೊಡಿಸಬೇಕಾಗುತ್ತದೆ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಅಧಿನಿಯಮದ ಪ್ರಕಾರ ಇದು ತಿಳಿಸಲೇಬೇಕಾದ ರೋಗ. ರೋಗ ಕಂಡ ಪ್ರದೇಶದಲ್ಲಿ ಕುದುರೆಗಳ ಸಾಗಣೆ ಮತ್ತು ಜಾತ್ರೆಗಳನ್ನು ನಿರ್ಬಂಧಿಸಲು ಸರ್ಕಾರಕ್ಕೆ ಅಧಿಕಾರವಿದೆ. ಎರಡನೆಯದು ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ. ರಕ್ತ ಹೀರುವ ನೊಣಗಳಿಂದ ಹರಡುವ ಇದು ಒಮ್ಮೆ ತಗಲಿದರೆ ಜೀವಮಾನವಿಡೀ ಉಳಿಯುತ್ತದೆ. ಕಾಗಿನ್ಸ್ ಪರೀಕ್ಷೆಯಿಂದ ಇದನ್ನು ಪತ್ತೆಹಚ್ಚುತ್ತಾರೆ.

ಹರಿಯಾಣದ ಹಿಸಾರಿನಲ್ಲಿ 1985ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಈ ರೋಗಗಳ ಪರೀಕ್ಷೆ ನಡೆಯುತ್ತದೆ. ಸ್ಥಳೀಯ ಸರ್ಕಾರಿ ಪಶುವೈದ್ಯರ ಮೂಲಕ ರಕ್ತದ ಮಾದರಿಯನ್ನು ಕಳುಹಿಸಬಹುದು. ಧನುರ್ವಾಯು, ಕುದುರೆ ಜ್ವರ (ಇನ್‌ಫ್ಲುಯೆಂಜಾ) ಮತ್ತು ರೇಬಿಸ್ ಲಸಿಕೆಗಳ ದಿನಾಂಕಗಳನ್ನೂ ಜಂತುನಾಶಕ ಕೊಟ್ಟ ದಿನಾಂಕವನ್ನೂ ಬರೆದಿಟ್ಟ ಪುಸ್ತಕ ಕುದುರೆಯೊಡನೆ ಹೋಗಬೇಕು.

ಕಾನೂನು ಏನು ಹೇಳುತ್ತದೆ?

ಕಾನೂನಿನ ದೃಷ್ಟಿಯಲ್ಲಿ ಕುದುರೆಯೂ ಒಂದು ಚರ ಸ್ವತ್ತು. ಅದರ ಮಾರಾಟಕ್ಕೆ 1872ರ ಭಾರತೀಯ ಕರಾರು ಅಧಿನಿಯಮ ಮತ್ತು 1930ರ ಸರಕು ಮಾರಾಟ ಅಧಿನಿಯಮ ಅನ್ವಯಿಸುತ್ತವೆ. ಕರಾರು ಅಧಿನಿಯಮವನ್ನು ರಚಿಸಿದವರು ನಿಯಮಗಳನ್ನು ವಿವರಿಸಲು ಹಲವು ಕಡೆ ಕುದುರೆಯ ಮಾರಾಟವನ್ನೇ ದೃಷ್ಟಾಂತವಾಗಿ ಕೊಟ್ಟಿದ್ದಾರೆ. ಆ ದೃಷ್ಟಾಂತಗಳ ಸಾರಾಂಶ ಹೀಗಿದೆ:

* 20ನೆಯ ಪ್ರಕರಣ: ಒಪ್ಪಂದವಾಗುವ ಹೊತ್ತಿಗೆ ಕುದುರೆ ಸತ್ತಿದ್ದು, ಅದು ಇಬ್ಬರಿಗೂ ತಿಳಿದಿರದಿದ್ದರೆ ಆ ಒಪ್ಪಂದ ಶೂನ್ಯ.
* 25ನೆಯ ಪ್ರಕರಣ: ಸಾವಿರ ರೂಪಾಯಿಯ ಕುದುರೆಯನ್ನು ಸ್ವಇಚ್ಛೆಯಿಂದ ಹತ್ತು ರೂಪಾಯಿಗೆ ಮಾರಲು ಒಪ್ಪಿದರೂ ಬೆಲೆ ಕಡಿಮೆಯಾಯಿತೆಂಬ ಕಾರಣಕ್ಕೆ ಮಾತ್ರ ಕರಾರು ಬೀಳುವುದಿಲ್ಲ.
* 29ನೆಯ ಪ್ರಕರಣ: ಐನೂರಕ್ಕೋ ಸಾವಿರಕ್ಕೋ ಎಂದು ಎರಡು ಬೆಲೆ ಹೇಳಿ, ಯಾವುದೆಂದು ನಿಶ್ಚಯಿಸದೆ ಮಾಡಿಕೊಂಡ ಒಪ್ಪಂದ ಶೂನ್ಯ.

ಇವೆಲ್ಲಕ್ಕಿಂತ ಮುಖ್ಯವಾದುದು ವಂಚನೆಗೆ ಸಂಬಂಧಿಸಿದ 17ನೆಯ ಪ್ರಕರಣದ ದೃಷ್ಟಾಂತಗಳು. ಹರಾಜಿನಲ್ಲಿ ಕುದುರೆಯನ್ನು ಮಾರುವವನಿಗೆ ಅದರ ದೋಷ ತಿಳಿದಿದೆ; ಆದರೆ ಅವನು ಏನನ್ನೂ ಹೇಳುವುದಿಲ್ಲ. ಕಾನೂನಿನ ಪ್ರಕಾರ ಇದು ವಂಚನೆಯಲ್ಲ. ಕೊಳ್ಳುವವಳು ಆಗತಾನೇ ಪ್ರಾಪ್ತ ವಯಸ್ಸಿಗೆ ಬಂದ ಅವನ ಮಗಳಾಗಿದ್ದರೆ ದೋಷವನ್ನು ಹೇಳುವುದು ಅವನ ಕರ್ತವ್ಯವಾಗುತ್ತದೆ. ಇನ್ನೊಂದು ಸಂದರ್ಭದಲ್ಲಿ ಕೊಳ್ಳುವವನು, ‘ನೀವು ಇಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆಯೆಂದೇ ತಿಳಿಯುತ್ತೇನೆ’ ಎಂಬ ಅರ್ಥದಲ್ಲಿ ಕೇಳಿದಾಗ ಮಾರುವವನು ಸುಮ್ಮನಿದ್ದರೆ ಆ ಮೌನವು ಮಾತಿಗೆ ಸಮಾನವೆನಿಸುತ್ತದೆ.

ಹೀಗೆ ಕೇಳದಿದ್ದಾಗ ಸುಮ್ಮನಿರುವುದಕ್ಕೆ ಕಾನೂನು ಸಾಮಾನ್ಯವಾಗಿ ಅವಕಾಶ ಕೊಟ್ಟಿದೆ. ಮೇಲಿನ ಉದಾಹರಣೆಯ ದಲ್ಲಾಳಿ ಈ ಅವಕಾಶವನ್ನೇ ನೆಚ್ಚಿಕೊಂಡಿದ್ದಾನೆ. ಆದರೆ ಇದಕ್ಕೆ ಮಿತಿಯುಂಟು. ಸರಕು ಮಾರಾಟ ಅಧಿನಿಯಮದ 16ನೆಯ ಪ್ರಕರಣದಂತೆ, ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಅಂತಹ ಸರಕಿನ ವ್ಯವಹಾರ ಮಾಡುವ ಮಾರಾಟಗಾರನ ತಿಳಿವಳಿಕೆಯನ್ನು ನಂಬಿ ಕೊಂಡಿದ್ದರೆ, ಆ ಉದ್ದೇಶಕ್ಕೆ ಸರಕು ತಕ್ಕುದಾಗಿರಬೇಕೆಂಬ ಷರತ್ತು ತಾನಾಗಿ ಸೇರಿಕೊಳ್ಳುತ್ತದೆ. 12ನೆಯ ಪ್ರಕರಣವು ಷರತ್ತಿಗೂ ಭರವಸೆಗೂ ಇರುವ ವ್ಯತ್ಯಾಸವನ್ನು ಹೇಳುತ್ತದೆ. ಷರತ್ತು ಮುರಿದರೆ ಕರಾರನ್ನೇ ರದ್ದುಪಡಿಸಬಹುದು. ಭರವಸೆ ಮುರಿದರೆ ನಷ್ಟಪರಿಹಾರವನ್ನು ಮಾತ್ರ ಕೇಳಬಹುದು. 26ನೆಯ ಪ್ರಕರಣದಂತೆ, ಬೇರೆ ಒಪ್ಪಂದವಿಲ್ಲದಿದ್ದರೆ ಒಡೆತನದೊಡನೆ ನಷ್ಟದ ಹೊಣೆಯೂ ಕೊಳ್ಳುವವನಿಗೆ ಸೇರುತ್ತದೆ. ದಾರಿಯಲ್ಲಿ ಕುದುರೆಗೆ ಹೊಟ್ಟೆಶೂಲೆ ಬಂದರೆ ಯಾರು ಹೊಣೆ ಎಂಬುದನ್ನು ಮೊದಲೇ ಬರೆದುಕೊಳ್ಳುವುದು ಇದೇ ಕಾರಣದಿಂದ ಅವಶ್ಯ.

ಮೌನದ ಬೆಲೆ

ಕಾನೂನು ಅನುಮತಿಸಿದ ಮೌನವನ್ನು ಕುದುರೆ ಅನುಮತಿಸುವುದಿಲ್ಲ. ಸಾಕಣೆದಾರನು ಸುಮ್ಮನಿದ್ದನೆಂದು ಭಾವಿಸಬಹುದು. ಕುದುರೆಯನ್ನು ಸವಾರಿ ಶಾಲೆಯವನು ಕೊಳ್ಳುತ್ತಾನೆ. ಅಲ್ಲಿ ಅದನ್ನು ಇತರ ಗಂಡು ಕುದುರೆಗಳ ಸಾಲಿನಲ್ಲಿ ಕಟ್ಟುತ್ತಾರೆ. ಮೊದಲ ರಾತ್ರಿಯೇ ಕಚ್ಚಾಟವಾಗುತ್ತದೆ. ಕಾರಣವನ್ನರಿಯದ ಲಾಯದ ಆಳು ಹೊಡೆಯುತ್ತಾನೆ. ಹೊಡೆತ ತಿಂದ ಕುದುರೆ ಮನುಷ್ಯನ ಕೈಯನ್ನು ಕಂಡರೂ ಬೆದರತೊಡಗುತ್ತದೆ. ಏಳು ವರ್ಷಗಳಲ್ಲಿ ಬೆಳೆದ ಸಾಧುತನ ಕೆಲವೇ ವಾರಗಳಲ್ಲಿ ಕಳೆದುಹೋಗುತ್ತದೆ. ಕೊನೆಗೆ ‘ದುಷ್ಟ ಕುದುರೆ’ ಎಂಬ ಹೆಸರು ಹೊತ್ತು ಅದು ಅಗ್ಗದ ಬೆಲೆಗೆ ಕೈಯಿಂದ ಕೈಗೆ ಸಾಗುತ್ತದೆ. ಈ ನಡುವೆ ಯಾರದಾದರೂ ಮಗುವಿಗೆ ಪೆಟ್ಟಾದರೆ ಅದಕ್ಕೆ ಯಾವ ಪರಿಹಾರವೂ ಸಾಲದು.

ಅವನು ಹೇಳಿದನೆಂದು ಭಾವಿಸಿದರೆ, ಸವಾರಿ ಶಾಲೆಯವನು ಹಿಂದೆ ಸರಿಯಬಹುದು. ಬೆಲೆಯೂ ಸ್ವಲ್ಪ ಇಳಿಯಬಹುದು. ಆದರೆ ಹೆಣ್ಣು ಕುದುರೆಗಳನ್ನು ಸಾಕಿ, ಒಂದೇ ಬೀಜದ ಕುದುರೆಯನ್ನು ಪ್ರತ್ಯೇಕ ಲಾಯದಲ್ಲಿ ಇಡಲು ಬಯಸುವ ಇನ್ನೊಬ್ಬನಿಗೆ ಈ ಗುಣ ದೋಷವೇ ಅಲ್ಲ. ಸರಿಯಾದ ಕೊಳ್ಳುವವನನ್ನು ಆರಿಸಿಕೊಡುವುದು ಸತ್ಯವಾದ ಮಾತೇ. ಒಂದು ದೋಷವನ್ನು ತಾನಾಗಿ ಹೇಳಿದವನು ಹೇಳುವ ಹತ್ತು ಗುಣಗಳನ್ನು ಜನ ನಂಬುತ್ತಾರೆ. ದಲ್ಲಾಳಿಯ ಸಲಹೆಗೆ ಉತ್ತರ ಇಲ್ಲಿದೆ.

ಜಾತ್ರೆ ಮತ್ತು ಮಾರಾಟದ ಕಾಲ

ಕಾರ್ತಿಕ ಮಾಸದ ಪುಷ್ಕರ ಮೇಳ, ರಾಜಸ್ಥಾನದ ತಿಲ್ವಾಡಾದ ಮಲ್ಲಿನಾಥ ಪಶುಮೇಳ, ಪಂಜಾಬಿನ ಮುಕ್ತಸರದ ಮಾಘಿ ಮೇಳಗಳು ಕುದುರೆ ವ್ಯಾಪಾರಕ್ಕೆ ಪ್ರಸಿದ್ಧವಾಗಿವೆ. ಮುಂಬಯಿ, ಪುಣೆ ಮತ್ತು ಹೈದರಾಬಾದುಗಳ ಕನ್ನಡಿಗರಿಗೆ ಹತ್ತಿರವಾದವು ಮಹಾರಾಷ್ಟ್ರದ ಎರಡು ಜಾತ್ರೆಗಳು: ನಂದುರಬಾರ್ ಜಿಲ್ಲೆಯಲ್ಲಿ ತಾಪಿ ನದಿಯ ದಡದ ಸಾರಂಗಖೇಡಾದಲ್ಲಿ ದತ್ತ ಜಯಂತಿಗೆ ಸೇರುವ ಜಾತ್ರೆ ಮತ್ತು ನಾಂದೇಡ ಜಿಲ್ಲೆಯ ಮಾಳೆಗಾವದ ಖಂಡೋಬನ ಜಾತ್ರೆ. ಹೆಣ್ಣು ಕುದುರೆಗಳು ಬೆದೆಗೆ ಬರುವ ಕಾಲ ಹಗಲು ಹಿಗ್ಗುವ ವಸಂತದಿಂದ ಆರಂಭವಾಗುತ್ತದೆ. ಚಳಿಗಾಲದ ಜಾತ್ರೆಯಲ್ಲಿ ಮಾರಿದ ಕುದುರೆಗೆ ಹೊಸ ಲಾಯಕ್ಕೆ ಒಗ್ಗಿಕೊಳ್ಳಲು ಸಾಕಷ್ಟು ಅವಧಿ ದೊರೆಯುತ್ತದೆ.

ಆದರೆ ಸಾಧುತನವನ್ನು ತೋರಿಸಲು ಜಾತ್ರೆಗಿಂತ ಮನೆಯ ಲಾಯವೇ ಉತ್ತಮ. ಸಾಧ್ಯವಾದರೆ ಕೊಳ್ಳುವವನನ್ನು ಎರಡು ಬಾರಿ, ಬೇರೆಬೇರೆ ಹೊತ್ತಿನಲ್ಲಿ ಬರುವಂತೆ ಕೇಳಿಕೊಳ್ಳಬೇಕು. ಮೊದಲು ಮಾಲೀಕನು, ಅನಂತರ ಕೊಳ್ಳುವವನು ಕುದುರೆಯನ್ನು ಹಿಡಿದು ನಡೆಸಬೇಕು. ಬೀಜದ ಕುದುರೆಯನ್ನು ಹಿಡಿದು ಅಭ್ಯಾಸವಿಲ್ಲದವನಿಗೆ ಅದನ್ನು ಮಾರದಿರುವುದೂ ಒಂದು ಕರ್ತವ್ಯ. ಸವಾರಿಗೆ ಮಾತ್ರ ಕುದುರೆ ಬೇಕಾದವನಿಗೆ ಬೀಜ ತೆಗೆಸಿದ ಕುದುರೆ ಹೆಚ್ಚು ಸೂಕ್ತವೆಂದು ತಿಳಿಹೇಳಬೇಕು.

ಕ್ರಯಪತ್ರ ಮತ್ತು ಹಸ್ತಾಂತರ

ಕ್ರಯಪತ್ರದಲ್ಲಿ ಕುದುರೆಯ ತಳಿ, ಬಣ್ಣ, ಗುರುತು, ವಯಸ್ಸು, ಎತ್ತರ, ಮೈಕ್ರೋಚಿಪ್ ಸಂಖ್ಯೆ, ರೋಗಪರೀಕ್ಷೆಯ ದಿನಾಂಕ, ಬೆಲೆ, ಹಣ ಸಂದ ರೀತಿ ಮತ್ತು ಒಡೆತನ ಬದಲಾಗುವ ದಿನಾಂಕವನ್ನು ನಮೂದಿಸಬೇಕು. ತಿಳಿದ ದೋಷಗಳನ್ನು ಪ್ರತ್ಯೇಕ ಸಾಲಿನಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಉದಾಹರಣೆಗೆ: “ಈ ಕುದುರೆಯು ಇನ್ನೊಂದು ಗಂಡು ಕುದುರೆಯ ಪಕ್ಕದಲ್ಲಿ ಕಟ್ಟುವುದನ್ನು ಸಹಿಸುವುದಿಲ್ಲ. ಇದನ್ನು ಮಾರುವವರು ತಿಳಿಸಿರುತ್ತಾರೆ, ಕೊಳ್ಳುವವರು ತಿಳಿದು ಒಪ್ಪಿರುತ್ತಾರೆ.” ಇಂತಹ ಒಂದು ಸಾಲು ಮುಂದಿನ ಅನೇಕ ವ್ಯಾಜ್ಯಗಳನ್ನು ತಪ್ಪಿಸುತ್ತದೆ. ದೇಶೀಯ ತಳಿಯ ಕುದುರೆಗಳ ರಫ್ತಿಗೆ ನಿರ್ಬಂಧವಿರುವುದರಿಂದ ವಿದೇಶದ ಕೊಳ್ಳುವವರೊಡನೆ ಪರವಾನಗಿಯಿಲ್ಲದೆ ವ್ಯವಹರಿಸಬಾರದು.

ಸಾಗಣೆಗೆ 1978ರ ಪ್ರಾಣಿಗಳ ಸಾಗಣೆ ನಿಯಮಗಳು ಅನ್ವಯಿಸುತ್ತವೆ. ಪ್ರಯಾಣಕ್ಕೆ ಯೋಗ್ಯವೆಂಬ ಪಶುವೈದ್ಯರ ಪ್ರಮಾಣಪತ್ರ ಜೊತೆಯಲ್ಲಿರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ವಾಹನದಲ್ಲಿ ಒಂದು ಕುದುರೆಗೆ 2.25 ಚದರ ಮೀಟರ್ ಸ್ಥಳವಿರಬೇಕು. ನೆಲಕ್ಕೆ ಜಾರದಂತೆ ಹುಲ್ಲು ಹಾಸಬೇಕು; ದಾರಿಯಲ್ಲಿ ನೀರು ಕುಡಿಸಬೇಕು.

ಕುದುರೆಯೊಡನೆ ಅದರ ದಿನಚರಿಯನ್ನೂ ಬರೆದುಕೊಡುವುದು ಒಳ್ಳೆಯದು. ಹುರುಳಿ ಎಷ್ಟು, ಯಾವ ಹೊತ್ತಿಗೆ, ಹುಲ್ಲು ಯಾವುದು, ಯಾವ ಮಾತಿಗೆ ನಿಲ್ಲುತ್ತದೆ, ಯಾವ ಹೆಸರಿಗೆ ತಿರುಗುತ್ತದೆ, ಸಂತಾನದ ಕೆಲಸಕ್ಕೆ ಯಾವ ಲಗಾಮು, ಸವಾರಿಗೆ ಯಾವ ಲಗಾಮು ಎಂಬುದೆಲ್ಲ ಅದರಲ್ಲಿರಬೇಕು. ಈ ಎರಡು ಕೆಲಸಗಳಿಗೆ ಬೇರೆಬೇರೆ ಲಗಾಮು ಬಳಸುವ ಪದ್ಧತಿಯಿಂದ ಕುದುರೆ ತನ್ನಿಂದ ಏನನ್ನು ನಿರೀಕ್ಷಿಸಲಾಗಿದೆ ಎಂಬುದನ್ನು ಅರಿಯುತ್ತದೆ. ಎಂಟು ಹತ್ತು ದಿನಗಳಿಗೆ ಸಾಕಾಗುವಷ್ಟು ಹಳೆಯ ಮೇವನ್ನು ಜೊತೆಗೆ ಕಳುಹಿಸಿ, ಹೊಸ ಮೇವನ್ನು ನಿಧಾನವಾಗಿ ಬೆರೆಸುವಂತೆ ತಿಳಿಸಬೇಕು. ಮೇವು ಹಠಾತ್ತನೆ ಬದಲಾದರೆ ಹೊಟ್ಟೆಶೂಲೆ ಬರುವ ಸಂಭವ ಹೆಚ್ಚು.

ಸರ್ಕಾರದ ನೆರವು

2024ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಸಂಪುಟವು ರಾಷ್ಟ್ರೀಯ ಜಾನುವಾರು ಮಿಷನ್ನಿಗೆ ತಿದ್ದುಪಡಿ ತಂದು ಕುದುರೆ, ಕತ್ತೆ, ಹೇಸರಗತ್ತೆ ಮತ್ತು ಒಂಟೆಗಳ ಸಾಕಣೆಯನ್ನೂ ಅದರಲ್ಲಿ ಸೇರಿಸಿತು. ಅರ್ಹ ವ್ಯಕ್ತಿಗಳಿಗೆ, ಸ್ವಸಹಾಯ ಗುಂಪುಗಳಿಗೆ ಮತ್ತು ಸಹಕಾರ ಸಂಘಗಳಿಗೆ ಬಂಡವಾಳದ ಶೇಕಡ 50ರಷ್ಟು, ಗರಿಷ್ಠ 50 ಲಕ್ಷ ರೂಪಾಯಿಗಳವರೆಗೆ ಸಹಾಯಧನ ನೀಡಲು ಆಗ ಒಪ್ಪಿಗೆ ದೊರೆಯಿತು. ವಿವರಗಳಿಗೆ ಆಯಾ ರಾಜ್ಯದ ಪಶುಸಂಗೋಪನಾ ಇಲಾಖೆಯನ್ನು ಸಂಪರ್ಕಿಸಬಹುದು.

ನೆನಪಿಡಬೇಕಾದ ಅಂಶಗಳು

1. ‘ಸಾಧು’ ಎಂಬ ಪದಕ್ಕೆ ಬದಲಾಗಿ ಕಾಣಬಹುದಾದ ನಡವಳಿಕೆಯನ್ನು ಹೇಳಬೇಕು.
2. ತಳಿಗೆ ದಾಖಲೆ, ಆರೋಗ್ಯಕ್ಕೆ ಪರೀಕ್ಷೆಯ ವರದಿ ಇರಬೇಕು.
3. ತಿಳಿದ ದೋಷವನ್ನು ಕೇಳುವ ಮೊದಲೇ ಹೇಳಿ, ಬರೆದು ಸಹಿ ಮಾಡಿಸಬೇಕು.
4. ಬೆಲೆಯನ್ನು ಮಾತ್ರವಲ್ಲ, ಕೊಳ್ಳುವವನ ಅನುಭವವನ್ನೂ ನೋಡಬೇಕು.
5. ಕುದುರೆಯೊಡನೆ ಅದರ ದಿನಚರಿಯೂ ಹೋಗಬೇಕು.

ಅಭ್ಯಾಸ

1. ಕರಾರು ಅಧಿನಿಯಮದ 17ನೆಯ ಪ್ರಕರಣದ ದೃಷ್ಟಾಂತಗಳಲ್ಲಿ ಮೌನವು ಯಾವಾಗ ಮಾತಿಗೆ ಸಮಾನವಾಗುತ್ತದೆ?
2. ಎರಡು ತಿಂಗಳ ಹಿಂದೆ ಬಂದ ಜ್ವರವನ್ನು ಬೀಜದ ಕುದುರೆಯನ್ನು ಮಾರುವವನು ಏಕೆ ತಿಳಿಸಬೇಕು?
3. ಉದಾಹರಣೆಯ ಸಾಕಣೆದಾರನ ಪರವಾಗಿ, ಕುದುರೆಯ ಗುಣದೋಷಗಳೆರಡನ್ನೂ ಒಳಗೊಂಡ ಹತ್ತು ಸಾಲಿನ ಮಾರಾಟ ಪ್ರಕಟಣೆಯನ್ನು ಬರೆಯಿರಿ.

ಕುದುರೆಗೆ ಮಾತು ಬಾರದು. ಏಳು ವರ್ಷ ಅದರೊಡನೆ ಬಾಳಿದವನು ಕೊನೆಯ ದಿನ ಅದರ ಪರವಾಗಿ ಆಡಬೇಕಾದ ಮಾತುಗಳಿವೆ. ಅವನ್ನು ಆಡಿ ಹಗ್ಗವನ್ನು ಕೈಗಿತ್ತಲ್ಲಿ ಮಾರಾಟವು ಸಮರ್ಪಕವಾಗಿ ಮುಗಿದಂತಾಗುತ್ತದೆ.